ಕೈ ಕೊಡು, ಬಿಜಲಿ

ಮುಧೋಳ ನಾಯಿ ಸಾಕಿದ್ದೀವಿ ಅಂದರೆ ಜನ ಕೇಳೋದು ಎರಡೇ. ಮರಿಗೆ ಎಷ್ಟು ರೇಟು, ಮಿಲಿಟರಿಗೆ ಕೊಡ್ತೀರಾ. ನಮ್ಮ ಬಿಜಲಿ ಎರಡಕ್ಕೂ ಲಾಯಕ್ಕಿರಲಿಲ್ಲ. ತಿಮ್ಮಾಪುರದ ಶ್ವಾನ ಕೇಂದ್ರದಿಂದ ತಂದವಳೂ ಅಲ್ಲ, ಪಕ್ಕದೂರಿನ ರೈತರೊಬ್ಬರು ಅಪ್ಪನ ಕೈಗಿಟ್ಟ ಮರಿ ಅವಳು. ಹನ್ನೊಂದು ವರ್ಷ ಕಾದಿದ್ದು ನಮ್ಮ ಕಬ್ಬಿನ ಹೊಲ ಮತ್ತು ಅವ್ವನ ರೊಟ್ಟಿ ಬುಟ್ಟಿ. ಈ ಜಾತಿ 2005ರಲ್ಲಿ ಅಂಚೆ ಚೀಟಿ ಮೇಲೆ ಬಂದಿತ್ತು ಅಂತ ನಾನು ಜಂಭ ಕೊಚ್ಚಿದಾಗ ಅವ್ವ, "ಚೀಟಿ ಮ್ಯಾಲ ಬಂದ್ರ ಏನಾತು, ಚಪ್ಪಲಿ ಕಡಿಯೋದು ಬಿಟ್ಟೈತೇನು?" ಅಂದಿದ್ದಳು.

ಕಳೆದ ಚಳಿಗಾಲದಲ್ಲಿ ನೀರು ಜಾಸ್ತಿ ಕುಡಿಯೋಕೆ ಶುರು ಮಾಡಿದಳು. ಬಕೆಟ್ಟಿಗೆ ಮೂತಿ ಹಾಕಿದರೆ ತೆಗೆಯುತ್ತಲೇ ಇರಲಿಲ್ಲ. ರಾತ್ರಿ ಎರಡೆರಡು ಸಲ ಎದ್ದು ಬಾಗಿಲು ಕೆರೆಯೋಳು. ವಯಸ್ಸಾಯ್ತಲ್ವಾ ಅಂತ ನಾವು ಸುಮ್ನಾದೆವು. ಬಾಯಿ ವಾಸನೆ ಬಂದಾಗ ಹಲ್ಲು ಕೆಟ್ಟಿರಬೇಕು ಅಂದುಕೊಂಡೆ. ರೊಟ್ಟಿ ಮೂಸಿ ಬಿಟ್ಟು ಹೋದ ದಿನ ಮಾತ್ರ ಗಾಬರಿಯಾಯಿತು. ರಕ್ತ ಪರೀಕ್ಷೆ ಮಾಡಿಸಿದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ 9 ದಾಟಿತ್ತು, ಇರಬೇಕಾದ್ದು ಹೆಚ್ಚುಕಮ್ಮಿ ಒಂದೂವರೆಯೊಳಗೆ. ಈ ಅಂಕಿ ಏರೋಕೆ ಶುರುವಾಗೋ ಹೊತ್ತಿಗೇ ಕಿಡ್ನಿ ಮುಕ್ಕಾಲು ಭಾಗ ಹೋಗಿರುತ್ತೆ ಅಂದರು ಡಾಕ್ಟ್ರು. ಆ ಬಕೆಟ್ಟನ್ನು ದಿನಾ ತುಂಬಿಸುತ್ತಿದ್ದವನು ನಾನೇ.

ಆಮೇಲೆ ಸಲೈನ್. ಚಿಕ್ಕವಳಿದ್ದಾಗ "ಕೈ ಕೊಡು" ಅಂದರೆ ಮುಂಗಾಲು ಎತ್ತಿ ಕೊಡೋದು ಕಲಿಸಿದ್ದೆ, ಈಗ ಸೂಜಿ ಇದ್ದದ್ದು ಅದೇ ಕಾಲಲ್ಲಿ, ಬಾಟಲಿ ಹಿಡಿದು ಪಕ್ಕ ಕೂತು ಕೈ ಕೊಡು ಅಂದರೆ ಪಾಪ ದಿನಾ ಕೊಡೋಳು. ಬಾಯಲ್ಲಿ ಹುಣ್ಣು, ಬೆರಳಿಗೆ ಹಚ್ಚಿದ ಮೊಸರನ್ನೂ ನೆಕ್ಕಲಾರಳು. ಮೈಮೇಲೆ ಕೂದಲೇ ಇಲ್ಲದಂಥ ಜಾತಿ ಇದು, ಚಳಿ ತಡೆಯಲ್ಲ. ಮೊದಲೆಲ್ಲ ನನ್ನ ಕೌದಿಯನ್ನು ತಾನೇ ಮೂತಿಯಿಂದ ಎತ್ತಿ ಒಳಗೆ ತೂರಿಕೊಳ್ಳುತ್ತಿದ್ದಳು, ಈಗ ನಾನೇ ಹೊದಿಸಬೇಕು. ಮೂರನೇ ದಿನವೇ ಡಾಕ್ಟ್ರು ಮೆಲ್ಲಗೆ ಹೇಳಿದ್ದರು. "ಇನ್ನೆರಡು ದಿನ ನೋಡೋಣ್ರೀ" ಅಂದವನು ನಾನು.

ಎಂಟನೇ ದಿನ ಕೈ ಕೊಡು ಅಂದೆ. ಕಾಲನ್ನು ಎದೆಯ ಕೆಳಗೆ ಎಳೆದುಕೊಂಡಳು. ಮತ್ತೊಮ್ಮೆ ಕೇಳಿದೆ. ಮುಖ ಗೋಡೆ ಕಡೆ ತಿರುಗಿಸಿದಳು. ಕೊನೆಯ ಐದು ದಿನ ನನ್ನ ಸಮಾಧಾನಕ್ಕೆ ಅವಳನ್ನು ಚುಚ್ಚಿಸಿದೆ ಅಂತಲೇ ನನಗೆ ಈಗಲೂ ಅನಿಸುತ್ತೆ. ಡಾಕ್ಟ್ರಿಗೆ ಫೋನ್ ಮಾಡಿದೆ.

ಸಂಜೆ ಮನೆಗೇ ಬಂದರು. ಬೇವಿನ ಗಿಡದ ಕೆಳಗೆ ಕೌದಿ ಹಾಸಿದ್ದೆವು. ಮೊದಲು ನಿದ್ದೆಯ ಇಂಜೆಕ್ಷನ್, ಆಮೇಲೆ ಇನ್ನೊಂದು. ಮೊದಲನೆಯದಕ್ಕೇ ಚಕ್ಕುಲಿ ಹಾಗೆ ಸುತ್ತಿಕೊಂಡು ಮಲಗಿಬಿಟ್ಟಳು. ಕಣ್ಣು ಮುಚ್ಚಲ್ಲ, ಗಾಬರಿಯಾಗಬೇಡಿ ಅಂತ ಡಾಕ್ಟ್ರು ಮೊದಲೇ ಹೇಳಿದ್ದರು. ಆದರೂ ನಾನು ಕೈಯಿಂದ ಮುಚ್ಚಿ ನೋಡಿದೆ. ಮತ್ತೆ ತೆರೆದುಕೊಂಡವು.

ಅಪ್ಪ ಮಧ್ಯಾಹ್ನದಿಂದಲೇ ಬಾವಿ ಪಕ್ಕ ಗುದ್ದಲಿ ಹಿಡಿದಿದ್ದ. ಎತ್ತರದ ನಾಯಿ, ಉದ್ದ ಕಾಲು ಅಂತ ಲೆಕ್ಕ ಹಾಕಿ ಮನುಷ್ಯರಿಗೆ ತೋಡಿದ ಹಾಗೆ ತೋಡಿದ್ದ. ಕೌದಿ ಸಮೇತ ಇಳಿಸಿದೆವು. ಸುತ್ತಿಕೊಂಡೇ ಇದ್ದಳು, ಅರ್ಧ ಗುಂಡಿಯೂ ತುಂಬಲಿಲ್ಲ.

ಅಪ್ಪ ಸ್ವಲ್ಪ ಹೊತ್ತು ನೋಡಿದ. "ಉದ್ದ ಆತು" ಅಂದ. ಆಮೇಲೆ ಖಾಲಿ ಉಳಿದ ಕಡೆಯಿಂದ ಮಣ್ಣು ಎಳೆಯತೊಡಗಿದ.