ತಗ್ಗಿಸಿದ್ದು ಸ್ಪ್ರಿಂಗು, ಕೆಟ್ಟದ್ದು ಬ್ರೇಕು

ಮೂವತ್ತು ವರ್ಷ ದಾಟಿದ ನನ್ನ ಕಾರಿನ ಮುಂದಿನ ಚಕ್ರಗಳಿಗೆ ದೊಡ್ಡ ಬ್ರೇಕ್ ಡಿಸ್ಕ್ ಹಾಕಬೇಕು, ಅದಾದ ಮೇಲೆ ಗಾಡಿಯ ಎತ್ತರವನ್ನು ಒಂದಿಷ್ಟು ತಗ್ಗಿಸಬೇಕು ಎಂದು ತೀರ್ಮಾನಿಸಿದಾಗ, ಇವೆರಡೂ ಸಂಬಂಧವಿಲ್ಲದ ಕೆಲಸಗಳೆಂದೇ ಎಣಿಸಿ ಬೇರೆ ಬೇರೆ ಪುಟಗಳಲ್ಲಿ ಪಟ್ಟಿ ಬರೆದುಕೊಂಡಿದ್ದೆ. ಆ ಎರಡು ಪುಟಗಳನ್ನು ಒಂದು ಸಣ್ಣ ಸ್ಪ್ರಿಂಗು ಜೋಡಿಸಿದೆ ಎಂಬುದು ತಿಳಿದದ್ದು, ಖಾಲಿ ರಸ್ತೆಯಲ್ಲಿ ಬ್ರೇಕ್ ಪರೀಕ್ಷಿಸುವಾಗ ಹಿಂದಿನ ಚಕ್ರಗಳು ತಿರುಗದೆ ಲಾಕ್ ಆಗಿ ಕಾರು ಅಡ್ಡ ತಿರುಗತೊಡಗಿದ ದಿನ.

ಹಳೆಯ ಬ್ರೇಕಿಗೆ ಶಕ್ತಿಯೇನೂ ಕಡಿಮೆಯಿರಲಿಲ್ಲ. ಜೋರಾಗಿ ತುಳಿದರೆ ಚಕ್ರ ಲಾಕ್ ಆಗುತ್ತಿತ್ತು, ಮತ್ತು ಅಷ್ಟಾದ ಮೇಲೆ ನಿಲ್ಲುವ ದೂರ ಟೈರಿನ ಹಿಡಿತಕ್ಕೆ ಬಿಟ್ಟದ್ದು; ಎಷ್ಟು ದೊಡ್ಡ ಡಿಸ್ಕ್ ಹಾಕಿದರೂ ಅದು ಕಡಿಮೆಯಾಗುವುದಿಲ್ಲ. ನನಗೆ ತೊಂದರೆಯಾಗುತ್ತಿದ್ದದ್ದು ಉದ್ದದ ಇಳಿಜಾರಿನಲ್ಲಿ, ಐದಾರು ಸಲ ತುಳಿದ ನಂತರ. 1000 ಕೆಜಿ ತೂಗುವ ಕಾರು ಗಂಟೆಗೆ 100 ಕಿಮೀ ವೇಗದಿಂದ ಪೂರ್ತಿ ನಿಲ್ಲುವಾಗ ಸುಮಾರು 386 ಕಿಲೋಜೂಲ್ ಶಕ್ತಿ ಶಾಖವಾಗುತ್ತದೆ. ಅದರಲ್ಲಿ ಶೇ. 70ರಷ್ಟು ಮುಂದಿನ ಡಿಸ್ಕುಗಳ ಪಾಲಿಗೆ ಬರುತ್ತದೆಂದು ಹಿಡಿದರೆ, ತಲಾ 4 ಕೆಜಿಯ ಎರಡು ಡಿಸ್ಕುಗಳು ಒಂದೇ ನಿಲುಗಡೆಯಲ್ಲಿ 70 ಡಿಗ್ರಿಗೂ ಹೆಚ್ಚು ಬಿಸಿಯೇರುತ್ತವೆ. ತಲಾ 6 ಕೆಜಿಯವಾದರೆ ಈ ಏರಿಕೆ 50 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ದೊಡ್ಡ ಡಿಸ್ಕಿಗೆ ನಾನು ಹಣ ಕೊಟ್ಟದ್ದು ಈ ವ್ಯತ್ಯಾಸಕ್ಕಾಗಿ. ಬ್ರೇಕ್ ಆಯಿಲನ್ನೂ ಆಗಲೇ ಬದಲಾಯಿಸಿದೆ, ಏಕೆಂದರೆ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯದ ಡಾಟ್ 4 ದರ್ಜೆಯ ಆಯಿಲ್, ಗಾಳಿಯ ತೇವವನ್ನು ಹೀರುತ್ತಾ ಹೀರುತ್ತಾ 155 ಡಿಗ್ರಿಗೇ ಕುದಿಯುವ ಸ್ಥಿತಿಗೆ ಇಳಿಯಬಹುದು. ಹಾಗೆ ಕುದಿದು ಆವಿಯ ಗುಳ್ಳೆಯೆದ್ದರೆ ಪೆಡಲ್ ಏನನ್ನೂ ಒತ್ತದೆ ನೆಲ ಮುಟ್ಟುತ್ತದೆ.

ಡಿಸ್ಕನ್ನು ಅದುಮಿ ಹಿಡಿಯುವ ಕ್ಯಾಲಿಪರಿನ ಆಯ್ಕೆಯಲ್ಲಿ ಮಾತ್ರ ನಾನು ಆಸೆಯನ್ನು ಹಿಡಿದಿಟ್ಟುಕೊಂಡೆ. ಅದರೊಳಗಿನ ಪಿಸ್ಟನ್ ಬಹಳ ದೊಡ್ಡದಾದರೆ ಅದನ್ನು ತಳ್ಳಲು ಹೆಚ್ಚು ಆಯಿಲ್ ಬೇಕಾಗಿ ಪೆಡಲ್ ಆಳಕ್ಕೆ ಹೋಗುತ್ತದೆ. ಅದನ್ನು ಸರಿಪಡಿಸಲು ಪೆಡಲಿನ ತುಳಿತವನ್ನು ಆಯಿಲಿನ ಒತ್ತಡವಾಗಿಸುವ ಮಾಸ್ಟರ್ ಸಿಲಿಂಡರನ್ನು ದೊಡ್ಡದು ಹಾಕಿದರೆ, ಅಷ್ಟೇ ಒತ್ತಡ ಹುಟ್ಟಿಸಲು ಕಾಲಿನ ಬಲ ಹೆಚ್ಚು ಬೇಕಾಗುತ್ತದೆ. ಹೀಗಾಗಿ 48 ಮಿಮೀ ಪಿಸ್ಟನ್ನಿನ ಬದಲಿಗೆ 51 ಮಿಮೀನದನ್ನು ಆರಿಸಿ, ಶೇ. 13ರಷ್ಟು ಹೆಚ್ಚಿದ ವಿಸ್ತೀರ್ಣಕ್ಕೆ ತೃಪ್ತನಾಗಿ ಹಳೆಯ ಮಾಸ್ಟರ್ ಸಿಲಿಂಡರನ್ನೇ ಉಳಿಸಿಕೊಂಡೆ. ಇಷ್ಟು ಜಾಣತನ ತೋರಿಸಿದವನು ಎಡಗಡೆಯ ಕ್ಯಾಲಿಪರನ್ನು ಬಲಕ್ಕೂ ಬಲಗಡೆಯದನ್ನು ಎಡಕ್ಕೂ ಕೂರಿಸಿ, ಗಾಳಿ ಹೊರಬಿಡುವ ಬ್ಲೀಡ್ ನಿಪ್ಪಲ್ ಕೆಳಮುಖವಾಗಿರುವುದನ್ನು ಗಮನಿಸದೆ, ಮೇಲೆ ಸಿಕ್ಕಿಕೊಂಡ ಗಾಳಿಯನ್ನು ಕೆಳಗಿನಿಂದ ಹೊರಡಿಸಲು ಎರಡು ಸಂಜೆ ಪೆಡಲ್ ಪಂಪು ಮಾಡಿಸಿದೆ ಎಂಬುದನ್ನೂ ಹೇಳಿಬಿಡುತ್ತೇನೆ.

ಬ್ರೇಕ್ ಸರಿಹೋದ ಮೇಲೆ ಸ್ಪ್ರಿಂಗುಗಳ ಸರದಿ ಬಂತು. ಇರುವ ಸ್ಪ್ರಿಂಗನ್ನೇ ಒಂದು ಸುತ್ತು ಕತ್ತರಿಸುವ ಸಲಹೆ ಬಂದಿತ್ತಾದರೂ, ಕತ್ತರಿಸಿದ ತುದಿ ತನ್ನ ಕುಳಿಯಲ್ಲಿ ಸರಿಯಾಗಿ ಕೂರುವುದಿಲ್ಲವೆಂದೂ ಚಕ್ರ ಕೆಳಗೆ ಜೋತಾಗ ಸ್ಪ್ರಿಂಗು ಸಡಿಲವಾಗಿ ಕಳಚಿಕೊಳ್ಳಬಹುದೆಂದೂ ಹೆದರಿ, 35 ಮಿಮೀ ತಗ್ಗಿಸುವ ಹೊಸ ಸ್ಪ್ರಿಂಗುಗಳನ್ನೂ ಅವುಗಳಿಗೆ ಹೊಂದುವ ಶಾಕ್ ಅಬ್ಸಾರ್ಬರುಗಳನ್ನೂ ತರಿಸಿದೆ. ಜಾಕ್ ಸ್ಟ್ಯಾಂಡಿನ ಮೇಲೆ ಚಕ್ರಗಳು ಜೋತಿರುವಾಗ ಕೀಲುಗಳಲ್ಲಿನ ರಬ್ಬರ್ ಬುಷ್‌ಗಳ ಬೋಲ್ಟುಗಳನ್ನು ಕೈಬಿಗಿಗೆ ಬಿಟ್ಟು, ಕಾರು ತನ್ನ ತೂಕದ ಮೇಲೆ ನಿಂತ ನಂತರವೇ ಪೂರ್ತಿ ಬಿಗಿದೆ. ಇಲ್ಲವಾದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಆಮೇಲೆ ನಡೆದದ್ದು ಆ ಪರೀಕ್ಷೆ. ಮುಂದಿನ ಬ್ರೇಕನ್ನು ಬಲಪಡಿಸಿದ ಕಾರಿನಲ್ಲಿ ಹಿಂದಿನ ಚಕ್ರ ಮೊದಲು ಲಾಕ್ ಆಗುವುದು ಲೆಕ್ಕಕ್ಕೇ ವಿರುದ್ಧವಾಗಿತ್ತು. ಹಿಂದಿನ ಬ್ರೇಕಿನ ಡ್ರಮ್ಮಿನೊಳಗೆ ಆಯಿಲ್ ಸೋರಿರಬಹುದೆಂದು ಎರಡೂ ಡ್ರಮ್ಮುಗಳನ್ನು ಬಿಚ್ಚಿದೆ. ಒಳಗೆ ಎಲ್ಲವೂ ಒಣಗಿ ಚೊಕ್ಕಟವಾಗಿತ್ತು. ಮೂರನೆಯ ಸಲ ಕೆಳಗೆ ಮಲಗಿ ಟಾರ್ಚ್ ಹಿಡಿದಾಗ ಹಿಂದಿನ ಆಕ್ಸಲ್ಲಿನಿಂದ ಬಾಡಿಯತ್ತ ಹೋಗುವ ಸ್ಪ್ರಿಂಗು, ಅದರ ತುದಿಯ ಸನ್ನೆಕೋಲು, ಆ ಸನ್ನೆ ಒತ್ತುವ ವಾಲ್ವ್ ಕಣ್ಣಿಗೆ ಬಿದ್ದವು. ಹಿಂದೆ ಸಾಮಾನು ತುಂಬಿದಾಗ ಬಾಡಿ ಕುಸಿದು ಆಕ್ಸಲ್ಲಿಗೆ ಹತ್ತಿರವಾಗುತ್ತದೆ. ಆ ಅಂತರವನ್ನೇ ತೂಕದ ಅಳತೆಯಾಗಿಟ್ಟುಕೊಂಡು ವಾಲ್ವ್ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ನಾನು 35 ಮಿಮೀ ತಗ್ಗಿಸಿದ ಖಾಲಿ ಕಾರನ್ನು ಅದು ಭರ್ತಿ ಸಾಮಾನು ಹೊತ್ತ ಕಾರೆಂದು ತಿಳಿದಿತ್ತು. ಜೋರಾಗಿ ನಿಲ್ಲಿಸುವಾಗ ಭಾರವೆಲ್ಲ ಮುಂದಕ್ಕೆ ವಾಲಿ ಹಗುರಾದ ಹಿಂದಿನ ಟೈರುಗಳಿಗೆ ಅಷ್ಟು ಒತ್ತಡ ಹೋದರೆ ಅವು ಹಿಡಿತ ಬಿಡದೆ ಏನು ಮಾಡಿಯಾವು? ಮುಂದಿನ ಚಕ್ರ ಲಾಕ್ ಆದರೆ ಸ್ಟೀರಿಂಗ್ ಕೇಳದಿದ್ದರೂ ಕಾರು ನೇರವಾಗಿಯೇ ಜಾರುತ್ತದೆ. ಹಿಂದಿನದು ಲಾಕ್ ಆದರೆ ಬಾಲವೇ ಮುಂದಕ್ಕೆ ಬರುತ್ತದೆ.

ಬಿಚ್ಚುವ ಮೊದಲು ಸನ್ನೆಯ ಸ್ಥಾನವನ್ನು ನಾನು ಅಳೆದಿಟ್ಟಿರಲಿಲ್ಲ. ಹೀಗಾಗಿ ಚಕ್ರಗಳನ್ನು ನೆಲದ ಮೇಲೆಯೇ ಬಿಟ್ಟು, ಹಿಂದಿನ ಬಾಡಿಯನ್ನಷ್ಟೇ ಜಾಕಿನಿಂದ 35 ಮಿಮೀ ಎತ್ತಿ ಸ್ಟ್ಯಾಂಡ್ ಕೊಟ್ಟು, ಹಳೆಯ ಎತ್ತರದಲ್ಲಿ ಸನ್ನೆ ಎಲ್ಲಿ ನಿಲ್ಲುತ್ತಿತ್ತೆಂದು ಗುರುತಿಸಿಕೊಂಡೆ. ಕಾರನ್ನು ಮತ್ತೆ ಇಳಿಸಿ, ಸನ್ನೆ ಅದೇ ಗುರುತಿಗೆ ಬರುವವರೆಗೆ ಸ್ಪ್ರಿಂಗಿನ ಬ್ರಾಕೆಟ್ಟನ್ನು ಸರಿಸಿ ಬಿಗಿದೆ. ಅದೇ ರಸ್ತೆಯಲ್ಲಿ, ಮೊದಲು ನಿಧಾನದ ವೇಗದಲ್ಲಿ, ಆಮೇಲೆ ಸ್ವಲ್ಪ ಸ್ವಲ್ಪವೇ ಏರಿಸುತ್ತಾ ತುಳಿದು ನೋಡಿದಾಗ ಪ್ರತಿ ಸಲವೂ ಮುಂದಿನ ಟೈರೇ ಮೊದಲು ಕಿರುಚಿತು.

ತಗ್ಗಿಸಿದ್ದರಿಂದ ಬ್ರೇಕಿಗೆ ಲಾಭವಾಯಿತೇ ಎಂದು ಕೇಳಿದರೆ, ನನ್ನ ಕಾರಿನ ಮುಂದಿನ-ಹಿಂದಿನ ಗಾಲಿಗಳ ಅಂತರ ಮತ್ತು ಭಾರಕೇಂದ್ರದ ಅಂದಾಜಿನಲ್ಲಿ, ಮುಂದಕ್ಕೆ ವಾಲುವ ಭಾರ ಒಟ್ಟು ತೂಕದ ಶೇ. 1ರಷ್ಟು ಮಾತ್ರ ಕಡಿಮೆಯಾಗಿದೆ. ತಗ್ಗಿಸಿದ್ದು ನೋಟಕ್ಕೇ ಎಂದು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ. ಅದಕ್ಕೆ ತೆರಬೇಕಾದ ಇನ್ನೊಂದು ಬೆಲೆ ಬಾಕಿಯಿದೆ: ಮುಂದಿನ ಚಕ್ರವನ್ನು ಬಾಡಿಗೆ ಜೋಡಿಸುವ ಲೋವರ್ ಆರ್ಮಿನ ಕೋನಕ್ಕೂ ಅದನ್ನು ತಿರುಗಿಸುವ ಟೈ ರಾಡಿನ ಕೋನಕ್ಕೂ ಈಗ ತಾಳೆಯಿಲ್ಲದೆ, ರಸ್ತೆಯ ಉಬ್ಬು ಸಿಕ್ಕಾಗಲೆಲ್ಲ ಸ್ಟೀರಿಂಗ್ ತಾನಾಗಿಯೇ ಒಂದು ಕಡೆಗೆ ಎಳೆಯುತ್ತದೆ. ವೀಲ್ ಅಲೈನ್‌ಮೆಂಟ್ ಮಾಡಿಸಿದರೂ ಅದು ಹೋಗಲಿಲ್ಲ. ಮುಂದಿನ ವಾರ ಟೈ ರಾಡಿನ ತುದಿಗಳನ್ನು ಬಿಚ್ಚುತ್ತೇನೆ, ಈ ಸಲ ಸ್ಪ್ಯಾನರ್ ಹಿಡಿಯುವ ಮುಂಚೆ ಎಲ್ಲ ಅಳತೆಗಳನ್ನೂ ಬರೆದಿಟ್ಟುಕೊಂಡು.