‘ಆಗ ಯಾರಿಗೂ ಗೊತ್ತಿರಲಿಲ್ಲ ಅಲ್ವಾ ಮೇಡಂ?’

ನಾನು ಕಾರ್ಖಾನೆಗಳಿಗೆ ಹೋಗಿ ಕೆಲಸಗಾರರಿಗೆ ಸುರಕ್ಷತೆಯ ತರಗತಿ ತೆಗೆದುಕೊಳ್ಳುತ್ತೇನೆ. ಹೆಲ್ಮೆಟ್ಟು, ಗ್ಲೌಸು, ಬೆಂಕಿ ಆರಿಸುವುದು ಎಲ್ಲ ಮುಗಿದ ಮೇಲೆ ಧೂಳಿನ ಮಾತು ಬರುತ್ತದೆ. ಧೂಳಿನ ಮಾತು ಬಂದರೆ ಆಸ್ಬೆಸ್ಟಾಸ್ ಬಂದೇ ಬರುತ್ತದೆ. ಕನ್ನಡದಲ್ಲಿ ಇದಕ್ಕೆ ಕಲ್ನಾರು ಅನ್ನುತ್ತಾರೆ. ಕಲ್ಲೇ, ಆದರೆ ಉಜ್ಜಿದರೆ ಹತ್ತಿಯ ಹಾಗೆ ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತದೆ. ಆ ಎಳೆಗಳು ಕಣ್ಣಿಗೆ ಕಾಣದಷ್ಟು ಸಣ್ಣಗಾಗಿ ಉಸಿರಿನ ಜೊತೆ ಒಳಗೆ ಹೋಗುತ್ತವೆ, ಶ್ವಾಸಕೋಶದ ತಳದಲ್ಲಿ ಕೂರುತ್ತವೆ. ಮೈ ಅವನ್ನು ಕರಗಿಸಲಾರದು. ಗಾಯ ಕಟ್ಟಿ ಕಟ್ಟಿ ಶ್ವಾಸಕೋಶ ಗಟ್ಟಿಯಾಗುವುದಕ್ಕೆ ಆಸ್ಬೆಸ್ಟೋಸಿಸ್ ಎಂದು ಹೆಸರು. ಶ್ವಾಸಕೋಶದ ಕ್ಯಾನ್ಸರು, ಅದರ ಹೊರಪದರಕ್ಕೆ ಬರುವ ಮೆಸೊಥೆಲಿಯೋಮಾ ಎಂಬ ಇನ್ನೊಂದು ಕ್ಯಾನ್ಸರು, ಇವು ಬರುವುದು ಎಷ್ಟೋ ಸಲ 20, 30, 40 ವರ್ಷ ಕಳೆದ ಮೇಲೆ.

ಇಷ್ಟು ಹೇಳಿದ ಮೇಲೆ ಯಾರಾದರೂ ಒಬ್ಬರು ಕೈ ಎತ್ತಿ ಕೇಳುತ್ತಾರೆ: ‘ಆದರೆ ಆ ಕಾಲದಲ್ಲಿ ಕಂಪನಿಯವರಿಗೂ ಗೊತ್ತಿರಲಿಲ್ಲ ಅಲ್ವಾ ಮೇಡಂ?’ ಮ್ಯಾನೇಜರುಗಳು ಕೇಳಿದ್ದಾರೆ, ಕೆಲಸಗಾರರು ಕೇಳಿದ್ದಾರೆ, ನಮ್ಮ ಮನೆಯಲ್ಲೂ ಕೇಳಿದ್ದಾರೆ. ಪ್ರತಿ ಸಲ ತರಗತಿಯ ಕೊನೆಯ ಐದು ನಿಮಿಷದಲ್ಲಿ ಇದಕ್ಕೆ ಉತ್ತರ ಹೇಳಿ ಮುಗಿಸೋಕೆ ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಗೊತ್ತಿತ್ತು. ಗೊತ್ತಿತ್ತು ಅಂತ ಅವರೇ ಬರೆದಿಟ್ಟಿದ್ದಾರೆ.

1935ರ ಸೆಪ್ಟೆಂಬರಿನಲ್ಲಿ ಅಮೆರಿಕದ ಒಂದು ಪತ್ರಿಕೆಯ ಸಂಪಾದಕರು ಆಸ್ಬೆಸ್ಟಾಸ್ ಸರಕು ಮಾಡುವ ರೇಬೆಸ್ಟಾಸ್-ಮ್ಯಾನ್‌ಹಟನ್ ಕಂಪನಿಯ ಅಧ್ಯಕ್ಷ ಸಮ್ನರ್ ಸಿಂಪ್ಸನ್ ಅವರಿಗೆ ಒಂದು ಪತ್ರ ಬರೆದರು. ಪತ್ರಿಕೆಯ ಹೆಸರೇ ‘ಆಸ್ಬೆಸ್ಟಾಸ್’, ಆ ಉದ್ಯಮದ್ದೇ ಪತ್ರಿಕೆ. ಈ ಕಾಯಿಲೆಯ ಬಗ್ಗೆ ಏನಾದರೂ ಪ್ರಕಟಿಸೋಣವೇ ಎಂದು ನಾವು ಹಲವು ಸಲ ಕೇಳಿದ್ದೇವೆ, ಬೇಡ ಎಂದು ನೀವು ಪ್ರತಿ ಸಲವೂ ಹೇಳಿದ್ದೀರಿ, ನಾವೂ ಹಾಗೇ ನಡೆದುಕೊಂಡಿದ್ದೇವೆ, ಈಗಲಾದರೂ ಸ್ವಲ್ಪ ಬರೆಯಬಹುದೇ ಎಂದು ಅದರಲ್ಲಿತ್ತು. ಸಿಂಪ್ಸನ್ ಆ ವಿಷಯವನ್ನು ಇನ್ನೊಂದು ದೊಡ್ಡ ಆಸ್ಬೆಸ್ಟಾಸ್ ಕಂಪನಿಯಾದ ಜಾನ್ಸ್-ಮ್ಯಾನ್‌ವಿಲ್‌ನ ವಕೀಲ ವ್ಯಾಂಡಿವರ್ ಬ್ರೌನ್ ಅವರಿಗೆ ತಿಳಿಸಿದರು. ಪತ್ರದ ತಾರೀಖು ಅಕ್ಟೋಬರ್ 1. ಆಸ್ಬೆಸ್ಟಾಸ್ ಬಗ್ಗೆ ಎಷ್ಟು ಕಮ್ಮಿ ಮಾತಾಡಿದರೆ ನಮಗೆ ಅಷ್ಟು ಒಳ್ಳೆಯದು ಎಂದು ಬರೆದರು. ಎರಡೇ ದಿನಕ್ಕೆ ಬ್ರೌನ್ ಉತ್ತರ ಬಂತು: ನೀವು ಹೇಳುವುದು ಸರಿ, ಈ ಕಾಯಿಲೆಗೆ ಪ್ರಚಾರ ಕಮ್ಮಿ ಇದ್ದಷ್ಟೂ ನಮ್ಮ ಹಿತಕ್ಕೆ ಒಳ್ಳೆಯದು.

ಇವರಿಬ್ಬರೂ ಬೇರೆ ಬೇರೆ ಕಂಪನಿಯವರು ಎನ್ನುವುದನ್ನು ಗಮನಿಸಿ. ಗೊತ್ತಿಲ್ಲದ ವಿಷಯದ ಬಗ್ಗೆ ಸುಮ್ಮನಿರೋಣ ಎಂದು ಇಬ್ಬರು ಪತ್ರ ಬರೆದು ಒಪ್ಪಿಕೊಳ್ಳುವುದಿಲ್ಲ. ಅದಕ್ಕೆ ಎರಡು ವರ್ಷ ಮೊದಲೇ, 1933ರಲ್ಲಿ, ಜಾನ್ಸ್-ಮ್ಯಾನ್‌ವಿಲ್ ಹನ್ನೊಂದು ಕೆಲಸಗಾರರ ಪ್ರಕರಣಗಳನ್ನು ಒಟ್ಟು 30,000 ಡಾಲರ್ ಕೊಟ್ಟು ಇತ್ಯರ್ಥ ಮಾಡಿಕೊಂಡಿತ್ತು. ಷರತ್ತು ಏನೆಂದರೆ, ಅವರ ವಕೀಲ ಈ ಕಂಪನಿಯ ಮೇಲೆ ಇಂಥ ಹೊಸ ಕೇಸು ಇನ್ನು ಮುಂದೆ ಹಾಕಬಾರದು. ಇದು ಕಂಪನಿಯ ಆಡಳಿತ ಮಂಡಳಿಯ ನಡಾವಳಿಯಲ್ಲೇ ಇದೆ.

ಇನ್ನೂ ಹಿಂದಕ್ಕೆ ಹೋಗೋಣ. ಇಂಗ್ಲೆಂಡಿನ ರಾಚ್‌ಡೇಲ್ ಊರಿನಲ್ಲಿ ಟರ್ನರ್ ಬ್ರದರ್ಸ್ ಕಾರ್ಖಾನೆ ಇತ್ತು. ನೆಲ್ಲಿ ಕರ್ಷಾ ಎಂಬ ಹೆಣ್ಣುಮಗಳು ಅಲ್ಲಿ ಆಸ್ಬೆಸ್ಟಾಸ್ ನೂಲು ತೆಗೆಯುತ್ತಿದ್ದಳು. ಉಸಿರು ಕಟ್ಟಿ ಕೆಲಸ ಬಿಟ್ಟಳು. ಕಂಪನಿಯನ್ನು ಪರಿಹಾರ ಕೇಳಿದಳು, ಕೊಡಲಿಲ್ಲ. ಇಂಥ ಕಾಯಿಲೆಯೇ ಇಲ್ಲ ಎಂದರು. 1924ರ ಮಾರ್ಚಿನಲ್ಲಿ ಸತ್ತಾಗ ಅವಳಿಗೆ 33 ವರ್ಷ. ಮಣ್ಣು ಮಾಡುವ ಖರ್ಚನ್ನೂ ಕಂಪನಿ ಕೊಡಲಿಲ್ಲ. ಅವಳ ಶ್ವಾಸಕೋಶವನ್ನು ಪರೀಕ್ಷೆ ಮಾಡಿದ ಡಾಕ್ಟರ್ ಕುಕ್ ಅದೇ ವರ್ಷ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಬ್ರಿಟನ್ ಸರ್ಕಾರದ ಕಾರ್ಖಾನೆ ತಪಾಸಕರಾದ ಮೆರಿವೆದರ್ ಮತ್ತು ಪ್ರೈಸ್ 1930ರಲ್ಲಿ ಒಂದು ವರದಿ ಕೊಟ್ಟರು. ಪರೀಕ್ಷಿಸಿದ 363 ಕೆಲಸಗಾರರಲ್ಲಿ ಹೆಚ್ಚುಕಮ್ಮಿ ನಾಲ್ವರಲ್ಲಿ ಒಬ್ಬರಿಗೆ ಕಾಯಿಲೆ ಇತ್ತು. ಮರುವರ್ಷವೇ ಅಲ್ಲಿ ಕಾನೂನು ಬಂತು. ಅಂದರೆ 1935ರಲ್ಲಿ ಆ ಪತ್ರಗಳು ಓಡಾಡುವ ಹೊತ್ತಿಗೆ ವೈದ್ಯಕೀಯ ಪತ್ರಿಕೆಯಲ್ಲಿ ಬಂದು ಹನ್ನೊಂದು ವರ್ಷ ಆಗಿತ್ತು, ಕಾನೂನು ಬಂದು ನಾಲ್ಕು ವರ್ಷ ಆಗಿತ್ತು.

ಈ ಎಲ್ಲ ಕಾಗದಗಳಲ್ಲಿ ನನ್ನನ್ನು ನಿದ್ದೆಗೆಡಿಸಿದ್ದು ಮಾತ್ರ ಬೇರೊಂದು. ಅದು 1949ರದ್ದು. ಕೆನಡಾದ ಕ್ವಿಬೆಕ್‌ನಲ್ಲಿ ಜಾನ್ಸ್-ಮ್ಯಾನ್‌ವಿಲ್‌ನ ದೊಡ್ಡ ಗಣಿ ಇತ್ತು, ಆಗ ಊರಿನ ಹೆಸರೇ ಆಸ್ಬೆಸ್ಟಾಸ್. ಅಲ್ಲಿನ ಕಂಪನಿ ಡಾಕ್ಟರ್ ಕೆನೆತ್ ಸ್ಮಿತ್ 708 ಕೆಲಸಗಾರರ ಎಕ್ಸ್‌ರೇ ನೋಡಿ ಮೇಲಿನವರಿಗೆ ವರದಿ ಬರೆದರು. ಅದರಲ್ಲಿ ಏಳು ಜನರ ಮಾತು ಬರುತ್ತದೆ. ಏಳೂ ಜನರ ಎಕ್ಸ್‌ರೇನಲ್ಲಿ ಆಸ್ಬೆಸ್ಟೋಸಿಸ್ ಕಾಣುತ್ತಿದೆ. ಆದರೆ ಏಳೂ ಜನ ಇನ್ನೂ ಕೆಲಸಕ್ಕೆ ಬರುತ್ತಿದ್ದಾರೆ. ಅವರಿಗೆ ಹೇಳಿಲ್ಲ ಎಂದು ಸ್ಮಿತ್ ಬರೆಯುತ್ತಾರೆ. ಮನುಷ್ಯ ಆರಾಮಾಗಿದ್ದಾನೆ, ಮನೆಯಲ್ಲೂ ಕೆಲಸದಲ್ಲೂ ಖುಷಿಯಾಗಿದ್ದಾನೆ ಅನ್ನುವವರೆಗೆ ಏನೂ ಹೇಳಬಾರದು. ಈ ಕಾಯಿಲೆ ವಾಸಿಯಾಗುವುದಲ್ಲ, ಮುಂದೆ ಇವರೆಲ್ಲರಿಗೂ ಪರಿಹಾರ ಕೊಡಬೇಕಾಗಿ ಬರುತ್ತದೆ. ಆದರೆ ಕೈಲಾಗದೆ ಕೂರುವವರೆಗೆ ತಿಳಿಸದೆ ಇದ್ದರೆ ಅವನು ನೆಮ್ಮದಿಯಿಂದ ಬದುಕುತ್ತಾನೆ, ಅವನ ಅಷ್ಟು ವರ್ಷದ ಅನುಭವವೂ ಕಂಪನಿಗೆ ಸಿಗುತ್ತದೆ. ವರದಿಯಲ್ಲಿ ಇರುವುದು ಇದೇ.

ಇದನ್ನು ನಾನು ತುಂಬ ಸಲ ಓದಿದ್ದೇನೆ. ಬರೆದವರು ಡಾಕ್ಟರು. ಸಿಟ್ಟಿನಿಂದ ಬರೆದದ್ದಲ್ಲ, ಗುಟ್ಟಾಗಿ ಬರೆದ ಹಾಗೂ ಇಲ್ಲ. ಆಫೀಸಿನ ವರದಿ ಬರೆದ ಹಾಗೆ ನಿಧಾನವಾಗಿ ಬರೆದಿದ್ದಾರೆ. ಆ ಏಳು ಜನ ಮಾರನೇ ದಿನ ಬೆಳಿಗ್ಗೆ ಊಟದ ಡಬ್ಬಿ ಹಿಡಿದುಕೊಂಡು ಅದೇ ಧೂಳಿಗೆ ಹೋಗಿರುತ್ತಾರೆ. ಅವರಲ್ಲಿ ಒಬ್ಬನಿಗಾದರೂ ‘ಅಣ್ಣ, ಈ ಕೆಲಸ ಬಿಟ್ಟು ಬೇರೆ ಕಡೆ ಹೋಗು’ ಎಂದು ಹೇಳಬಹುದಿತ್ತು. ಅದೇ ವರ್ಷ ಕ್ವಿಬೆಕ್‌ನ ಆಸ್ಬೆಸ್ಟಾಸ್ ಗಣಿಗಳಲ್ಲಿ ಸುಮಾರು 5,000 ಜನ ತಿಂಗಳುಗಟ್ಟಲೆ ಮುಷ್ಕರ ಮಾಡಿದರು. ಅವರ ಬೇಡಿಕೆಗಳಲ್ಲಿ ಧೂಳು ಕಮ್ಮಿ ಮಾಡಿ ಎನ್ನುವುದೂ ಒಂದು. ಕೆಲಸಗಾರರಿಗೆ ಮೈ ಹೇಳುತ್ತಿತ್ತು. ಕಾಗದ ಇದ್ದದ್ದು ಮಾತ್ರ ಆಫೀಸಿನಲ್ಲಿ.

ಸಂಶೋಧನೆಯ ಕಥೆಯೂ ಹೀಗೇ ಆಯಿತು. ನ್ಯೂಯಾರ್ಕ್ ರಾಜ್ಯದ ಸಾರನಾಕ್ ಪ್ರಯೋಗಾಲಯಕ್ಕೆ ಕಂಪನಿಗಳು ದುಡ್ಡು ಕೊಟ್ಟವು, ಫಲಿತಾಂಶ ದುಡ್ಡು ಕೊಟ್ಟವರ ಸ್ವತ್ತು ಎಂದು ಮೊದಲೇ ಮಾತಾಗಿತ್ತು. ಆಸ್ಬೆಸ್ಟಾಸ್ ಧೂಳು ಉಸಿರಾಡಿದ ಇಲಿಗಳಲ್ಲಿ ಗಡ್ಡೆ ಕಂಡಿತು. ಅದನ್ನು ನೋಡಿದ ಡಾಕ್ಟರ್ ಗಾರ್ಡ್ನರ್ 1946ರಲ್ಲಿ ತೀರಿಕೊಂಡರು. ಆಮೇಲೆ 1951ರಲ್ಲಿ ವರದಿ ಅಚ್ಚಾಗುವಾಗ ಕಂಪನಿಗಳು ಕ್ಯಾನ್ಸರಿನ ಮಾತನ್ನು ತೆಗೆದುಹಾಕಿಸಿದ್ದವು. ಜಾನ್ಸ್-ಮ್ಯಾನ್‌ವಿಲ್ ತನ್ನ ಸರಕಿನ ಮೇಲೆ ಎಚ್ಚರಿಕೆಯ ಚೀಟಿ ಅಂಟಿಸಿದ್ದು 1964ರಲ್ಲಿ. ನೆಲ್ಲಿ ಕರ್ಷಾ ಸತ್ತು ಆಗಲೇ 40 ವರ್ಷ.

ಹಾಗಾದರೆ ಇದೆಲ್ಲ ನಮಗೆ ಹೇಗೆ ಗೊತ್ತಾಯಿತು ಅಂತ ಕೇಳುತ್ತೀರಿ. ಕಂಪನಿಗಳು ತಾವಾಗಿ ಕೊಡಲಿಲ್ಲ. ಅಮೆರಿಕದ ಕೋರ್ಟುಗಳಲ್ಲಿ ಕೇಸು ಹಾಕಿದವರು ಎದುರು ಕಡೆಯವರ ಕಾಗದ ಪತ್ರಗಳನ್ನು ತರಿಸಿಕೊಳ್ಳಬಹುದು. ಕಾಯಿಲೆ ಬಿದ್ದ ಕೆಲಸಗಾರರು, ಗಂಡನನ್ನು ಕಳೆದುಕೊಂಡ ಹೆಂಗಸರು ಹಾಕಿದ ಕೇಸುಗಳಿಂದಲೇ ಈ ಪೆಟ್ಟಿಗೆಗಳು ತೆರೆದುಕೊಂಡವು. ಸಿಂಪ್ಸನ್ ಪತ್ರಗಳು ಹೊರಬಂದದ್ದು 1977ರಲ್ಲಿ, ಬರೆದು 42 ವರ್ಷ ಆದಮೇಲೆ. 1982ರ ಆಗಸ್ಟಿನಲ್ಲಿ ಜಾನ್ಸ್-ಮ್ಯಾನ್‌ವಿಲ್ ದಿವಾಳಿ ಅರ್ಜಿ ಹಾಕಿತು. ವ್ಯಾಪಾರ ಬಿದ್ದು ಹೋಗಿ ಅಲ್ಲ, ಬಂದ ಕೇಸುಗಳ ಮತ್ತು ಬರಲಿರುವ ಕೇಸುಗಳ ಭಾರಕ್ಕೆ.

ಇದು ಬರೀ ಹೊರದೇಶದ ಹಳೆಯ ಕಥೆ ಅಂದುಕೊಳ್ಳಬೇಡಿ. ನಮ್ಮಲ್ಲಿ ಬಿಳಿ ಆಸ್ಬೆಸ್ಟಾಸ್ ಎಂಬ ಬಗೆಯನ್ನು ಬಳಸುವುದಕ್ಕೆ ಇವತ್ತಿಗೂ ನಿಷೇಧ ಇಲ್ಲ. ರಷ್ಯಾದಂಥ ದೇಶಗಳಿಂದ ತರಿಸಿ ಚಾವಣಿಯ ಶೀಟು ಮಾಡುತ್ತಾರೆ. ಹೋದ ಬೇಸಿಗೆ ನಮ್ಮ ಬೀದಿಯಲ್ಲೇ ಒಬ್ಬ ಹುಡುಗ ಹಳೆಯ ಶೀಟನ್ನು ಮಷಿನ್ನಿನಲ್ಲಿ ಕುಯ್ಯುತ್ತಿದ್ದ, ಮೂಗಿಗೆ ಕರ್ಚೀಫು ಕೂಡ ಇಲ್ಲ, ರೆಪ್ಪೆಯ ಮೇಲೆಲ್ಲ ಹಿಟ್ಟು ಬಿದ್ದ ಹಾಗೆ ಬಿಳಿ ಪುಡಿ. ನಿಲ್ಲಿಸಪ್ಪ ಅಂದೆ. ನೀರು ಹಾಕಿ ನೆನೆಸಿಕೊಂಡು, ಕುಯ್ಯದೆ ಇಡಿಯಾಗಿ ಇಳಿಸು ಅಂದೆ. ಕರ್ಚೀಫು ಕಟ್ಟಿಕೊಂಡರೂ ಆ ಎಳೆಗಳನ್ನು ತಡೆಯೋಕೆ ಆಗುವುದಿಲ್ಲ ಎನ್ನುವುದನ್ನೂ ಹೇಳಬೇಕಾಯಿತು.

1995ರ ಜನವರಿಯಲ್ಲಿ ನಮ್ಮ ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು. ಕೆಲಸಗಾರನ ಆರೋಗ್ಯ ಅವನ ಬದುಕುವ ಹಕ್ಕಿನ ಭಾಗ ಎಂದಿತು. ಆಸ್ಬೆಸ್ಟಾಸ್ ಕಾರ್ಖಾನೆಗಳು ಪ್ರತಿ ಕೆಲಸಗಾರನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಾಗಿನಿಂದ 40 ವರ್ಷ, ಇಲ್ಲವೇ ಕೆಲಸ ಬಿಟ್ಟು 15 ವರ್ಷದವರೆಗೆ, ಯಾವುದು ಹೆಚ್ಚೋ ಅಷ್ಟು ಕಾಲ ಇಟ್ಟುಕೊಳ್ಳಬೇಕು ಎಂದಿತು. 40 ಯಾಕೆ ಎಂದು ಈಗ ನಿಮಗೇ ಗೊತ್ತಾಗಿರಬೇಕು. ಕಾಯಿಲೆ ಅಷ್ಟು ತಡವಾಗಿ ಬರುತ್ತದೆ. ಬಂದಾಗ ಕಾಗದ ಇಲ್ಲದಿದ್ದರೆ, ಧೂಳಿನಲ್ಲಿ ನಿಂತಿದ್ದೆ ಎಂದು ಯಾರು ನಂಬುತ್ತಾರೆ?

ಒಂದು ಕಾರ್ಖಾನೆಯ ತರಗತಿಯಲ್ಲಿ ಇದನ್ನೆಲ್ಲ ಹೇಳಿ ಮುಗಿಸಿದ್ದೆ. ಐವತ್ತು ದಾಟಿದ ಒಬ್ಬರು ಎಲ್ಲರೂ ಹೋಗುವವರೆಗೆ ಕಾದು ಹತ್ತಿರ ಬಂದರು.

‘ನಮಗೂ ವರ್ಷ ವರ್ಷ ಎಕ್ಸ್‌ರೇ ತೆಗೀತಾರೆ ಮೇಡಂ. ವ್ಯಾನ್ ಬರುತ್ತೆ.’

‘ರಿಪೋರ್ಟ್ ಏನು ಬಂತು ಅಣ್ಣ?’

‘ಅದು ಆಫೀಸಲ್ಲಿರುತ್ತೆ.’

ಎಷ್ಟು ವರ್ಷದಿಂದ ಅಂತ ಕೇಳಿದೆ. ಹದಿನಾಲ್ಕು ಅಂದರು. ಹದಿನಾಲ್ಕು ಎಕ್ಸ್‌ರೇ, ಒಂದನ್ನೂ ನೋಡಿಲ್ಲ. ನನ್ನ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ಪೆನ್ನು ಕೊಟ್ಟೆ. ಮೇಲೆ ಹೆಸರು, ಟೋಕನ್ ನಂಬರು ಬರೆದರು. ಕೆಳಗೆ ಒಂದೇ ಸಾಲು: ‘ನನ್ನ ಎಲ್ಲಾ ಎಕ್ಸ್‌ರೇ ಮತ್ತು ರಿಪೋರ್ಟುಗಳ ಕಾಪಿ ನನಗೆ ಬೇಕು.’ ಎರಡು ಪ್ರತಿ ಮಾಡಿಸಿ, ಒಂದರ ಮೇಲೆ ಸೀಲು ಹಾಕಿಸಿಕೊಂಡು ನಿಮ್ಮ ಹತ್ತಿರ ಇಟ್ಟುಕೊಳ್ಳಿ ಅಂತ ಹೇಳಿದೆ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಿಗೆ ಹಾಕಿಕೊಂಡು ಆಫೀಸಿನ ಕಡೆ ನಡೆದರು.