ಕಾರ್ಪೆಟ್ಟಿನಡಿಯ ನೀರು, ಮೂರನೇ ಗೇರಿನಲ್ಲೇ ನಿಂತ ಕಾರು: ದುರಸ್ತಿಯ ದಿನಚರಿ

ಮೊದಲ ದಿನ

ರಾತ್ರಿಯಿಡೀ ಮಳೆ ಸುರಿದ ಮರುದಿನ ಬೆಳಿಗ್ಗೆ ಕಾರನ್ನು ಹೊರತೆಗೆದಾಗ, ನಿಂತಲ್ಲಿಂದ ಹೊರಡುವುದಕ್ಕೇ ಅದು ತಿಣುಕುತ್ತಿತ್ತು. ಎಂಜಿನ್ ಸರಾಗವಾಗಿ ಓಡುತ್ತಿದ್ದರೂ ನಾಲ್ಕು ಗೇರುಗಳ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಮೂರನೆಯ ಗೇರನ್ನು ಬಿಟ್ಟು ಕದಲಲಿಲ್ಲ. ರಿವರ್ಸಿಗೆ ಹಾಕಿದರೆ ಇಡೀ ಕಾರು ಜಗ್ಗಿದಂತಾಗುತ್ತಿತ್ತು. ಬ್ರೇಕ್ ಒತ್ತಿದಾಗ ಎಡಗಡೆಯ ಮುಂದಿನ ಸೀಟಿನ ಕಾಲಡಿಯಿಂದ ನೀರು ತುಳುಕುವ ಸದ್ದು ಕೇಳಿಸಿತು. ಕೂಡಲೇ ಎಂಜಿನ್ ಆರಿಸಿ, ಕಾರನ್ನು ತಳ್ಳಿಕೊಂಡು ಬಂದು ಸೂರಿನಡಿ ನಿಲ್ಲಿಸಿದೆ.

ಇಂತಹ ಲಕ್ಷಣ ಕಂಡೊಡನೆ ಗೇರ್‌ಬಾಕ್ಸ್ ಕೆಟ್ಟಿತೆಂದು ತೀರ್ಮಾನಿಸುವುದು ಸರಿಯಲ್ಲ. ಸೆನ್ಸರುಗಳಿಂದ ಬರುವ ಸಂಕೇತದ ಮೇಲೆ ನಂಬಿಕೆ ತಪ್ಪಿದಾಗ ಗೇರ್‌ಬಾಕ್ಸನ್ನು ನಡೆಸುವ ಕಂಪ್ಯೂಟರಾದ ಕಂಟ್ರೋಲ್ ಮಾಡ್ಯೂಲ್, ಎಣ್ಣೆಯ ದಾರಿ ತೆರೆದು ಮುಚ್ಚುವ ವಿದ್ಯುತ್ ಕವಾಟಗಳಾದ ಸೊಲೆನಾಯ್ಡ್‌ಗಳಿಗೆ ಹೋಗುವ ವಿದ್ಯುತ್ತನ್ನು ತಾನೇ ಕಡಿದುಬಿಡುತ್ತದೆ. ಆಗ ನನ್ನ ಕಾರಿನ ಗೇರ್‌ಬಾಕ್ಸ್ ಮೂರನೇ ಗೇರಿನಲ್ಲಿ ನಿಲ್ಲುವಂತೆ ರಚಿತವಾಗಿದೆ, ಒಳಗಿನ ಎಣ್ಣೆಯ ಒತ್ತಡವೂ ಗರಿಷ್ಠ ಮಟ್ಟಕ್ಕೇರುತ್ತದೆ. ರಿವರ್ಸಿನ ಜಗ್ಗಾಟಕ್ಕೆ ಅಷ್ಟೇ ಕಾರಣ ಸಾಕು. ಅದರಿಂದ ಕ್ಲಚ್ ಪ್ಲೇಟುಗಳು ಸವೆದಿವೆಯೆಂದು ಸಾಬೀತಾಗುವುದಿಲ್ಲ.

ಬ್ಯಾಟರಿ ಕಳಚುವ ಮೊದಲು ಸ್ಕ್ಯಾನರ್ ಜೋಡಿಸಿ ಕಾರು ತಾನೇ ದಾಖಲಿಸಿಟ್ಟ ದೋಷದ ಕೋಡುಗಳನ್ನು ಬರೆದುಕೊಂಡೆ, ಏಕೆಂದರೆ ಕೆಲವು ಕಾರುಗಳಲ್ಲಿ ಬ್ಯಾಟರಿ ಕಳಚಿದರೆ ಅವು ಅಳಿಸಿಹೋಗುತ್ತವೆ. ಸಿಕ್ಕಿದ್ದು ಮೂರು: ಪಿ0700, ಪಿ0720, ಪಿ0750. ಮೊದಲನೆಯದು ಗೇರ್‌ಬಾಕ್ಸ್ ನಿಯಂತ್ರಣ ವ್ಯವಸ್ಥೆಯಲ್ಲಿ ದೋಷವಿದೆಯೆಂಬ ಸಾಮಾನ್ಯ ಸೂಚನೆ. ಎರಡನೆಯದು ಗೇರ್‌ಬಾಕ್ಸಿನಿಂದ ಚಕ್ರಗಳ ಕಡೆಗೆ ತಿರುಗುಬಲ ಒಯ್ಯುವ ಹೊರಶಾಫ್ಟಿನ ವೇಗ ಅಳೆಯುವ ಸೆನ್ಸರಿನ ಸರ್ಕ್ಯೂಟಿಗೆ, ಮೂರನೆಯದು ಗೇರ್ ಬದಲಿಸುವ ‘ಎ’ ಸೊಲೆನಾಯ್ಡ್‌ಗೆ ಸೇರಿದ್ದು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಬಿಡಿಭಾಗಗಳು ಒಂದೇ ರಾತ್ರಿಯಲ್ಲಿ ಕೆಡುವುದು ತೀರಾ ಅಪರೂಪವಾದ್ದರಿಂದ, ಅವೆರಡರ ವೈರುಗಳು ಒಟ್ಟಿಗೆ ಸೇರುವ ಜಾಗದ ಮೇಲೆ ನನ್ನ ಅನುಮಾನ ಹೋಯಿತು.

ಎರಡನೆಯ ದಿನ

ಆದರೂ ಎಣ್ಣೆಯನ್ನು ನೋಡದೆ ಮುಂದುವರಿಯುವಂತಿರಲಿಲ್ಲ. ಗೇರ್‌ಬಾಕ್ಸಿನೊಳಗೆ ನೀರು ಸೇರಲು ಮೂರು ದಾರಿಗಳಿವೆ: ಗಾಳಿಯಾಡುವ ಬ್ರೀದರ್, ಡಿಪ್‌ಸ್ಟಿಕ್ಕಿನ ಕೊಳವೆ ಮತ್ತು ರೇಡಿಯೇಟರಿನೊಳಗೆ ಕೂಡಿಸಿರುವ ಎಣ್ಣೆಯ ಕೂಲರ್. ನೀರು ಬೆರೆತ ಎಣ್ಣೆ ಹಾಲು ಸೇರಿಸಿದಂತೆ ತಿಳಿಗುಲಾಬಿ ಬಣ್ಣಕ್ಕೆ ತಿರುಗಿ ನೊರೆಗಟ್ಟುತ್ತದೆ. ಹಾಗಾಗಿದ್ದರೆ ಅದು ದೊಡ್ಡ ಅನಾಹುತವೇ ಸರಿ, ಏಕೆಂದರೆ ಕ್ಲಚ್ ಪ್ಲೇಟುಗಳ ಮೇಲಿನ ಪದರವು ಬಹುಮಟ್ಟಿಗೆ ಕಾಗದದ ನಾರಿನಿಂದ ಆದದ್ದು. ಅದು ನೀರನ್ನು ಹೀರಿಕೊಂಡು, ಅಂಟು ಸಡಿಲಗೊಂಡು, ಉಕ್ಕಿನ ತಟ್ಟೆಯಿಂದ ಕಳಚತೊಡಗುತ್ತದೆ. ಅಂತಹ ಕಾರಿಗೆ ಎಣ್ಣೆ ಬದಲಿಸಿ ಸುಮ್ಮನಾಗುವುದೂ ಸಾಲದು: ಕೆಳಗಿನ ತಿರುಪು ಬಿಚ್ಚಿದರೆ ಸ್ವಲ್ಪ ಭಾಗ ಮಾತ್ರ ಸುರಿದು, ಉಳಿದದ್ದು ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಮತ್ತು ಕೂಲರ್ ಕೊಳವೆಗಳಲ್ಲೇ ಉಳಿಯುತ್ತದೆ.

ನನ್ನ ಡಿಪ್‌ಸ್ಟಿಕ್ಕಿನ ಮೇಲೆ ಎಣ್ಣೆ ಸ್ವಚ್ಛ ಕೆಂಪಾಗಿತ್ತು, ಮಟ್ಟವೂ ಏರಿರಲಿಲ್ಲ. ಕಣ್ಣನ್ನಷ್ಟೇ ನಂಬಬಾರದೆಂದು ಕಾದ ಲೋಹದ ತಟ್ಟೆಯ ಮೇಲೆ ಎರಡು ಹನಿ ಬಿಟ್ಟು ನೋಡಿದೆ. ನೀರಿದ್ದರೆ ಚಟಪಟ ಸಿಡಿಯಬೇಕಿತ್ತು, ಸಿಡಿಯಲಿಲ್ಲ. ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ.

ಮೂರನೆಯ ಮತ್ತು ನಾಲ್ಕನೆಯ ದಿನ

ಬ್ಯಾಟರಿಯ ನೆಗೆಟಿವ್ ತುದಿಯನ್ನು ಕಳಚಿ, ಸೀಟಿನಡಿ ಏರ್‌ಬ್ಯಾಗಿನ ಹಳದಿ ಕನೆಕ್ಟರುಗಳಿರುವುದರಿಂದ ಸ್ವಲ್ಪ ಹೊತ್ತು ಕಾದು, ಸೀಟನ್ನೂ ಕಾರ್ಪೆಟ್ಟನ್ನೂ ಎತ್ತಿದೆ. ಕಾರ್ಪೆಟ್ಟಿನ ಮೇಲ್ಮೈ ಕೇವಲ ತೇವವಾಗಿತ್ತು, ಅದರಡಿಯ ದಪ್ಪ ಸ್ಪಂಜು ಮಾತ್ರ ಹಿಂಡಿದಷ್ಟೂ ನೀರು ಬಿಡುತ್ತಿತ್ತು. ಮಾಡ್ಯೂಲ್ ಕುಳಿತಿದ್ದದ್ದು ಅದೇ ಸ್ಪಂಜಿನ ಗುಳಿಯಲ್ಲಿ. ಕನೆಕ್ಟರನ್ನು ಬಿಡಿಸಿದಾಗ ನಾಲ್ಕು ಪಿನ್ನುಗಳ ಮೇಲೆ ಹಸಿರು ಕಿಲುಬು ಕಂಡಿತು.

ಒರೆಸುವ ಮೊದಲೇ ಅಳತೆ ತೆಗೆದುಕೊಂಡದ್ದು ಒಳ್ಳೆಯದಾಯಿತು. ವೈರುಗಳ ಕಡೆಯಿಂದ ಅಳೆದಾಗ ‘ಎ’ ಸೊಲೆನಾಯ್ಡ್‌ನ ಸುರುಳಿ 13 ಓಂ ವಿದ್ಯುತ್ ರೋಧ ತೋರಿಸಿತು. ನನ್ನ ಕಾರಿನ ಕೈಪಿಡಿ 11ರಿಂದ 15 ಓಂ ಎನ್ನುತ್ತದೆ, ಅಂದರೆ ಸೊಲೆನಾಯ್ಡ್ ಆರೋಗ್ಯವಾಗಿದೆ. ಆದರೆ ಅದರ ಪಿನ್ನಿಗೂ ಪಕ್ಕದ ಸೆನ್ಸರ್ ಪಿನ್ನಿಗೂ ನಡುವೆ ಯಾವ ಸಂಪರ್ಕವೂ ಇರಬಾರದ ಕಡೆ ಸುಮಾರು 4 ಕಿಲೋ ಓಂ ಬಂತು. ಕಿಲುಬು ಮತ್ತು ತೇವ ಸೇರಿ ಅಲ್ಲೊಂದು ಕಳ್ಳದಾರಿ ಮಾಡಿದ್ದವು. ಸುತ್ತುವ ಹಲ್ಲುಚಕ್ರದ ಎದುರು ತಾನೇ ಸಣ್ಣ ವೋಲ್ಟೇಜ್ ಹುಟ್ಟಿಸುವ ಬಗೆಯ ಸೆನ್ಸರ್ ಇದು. ಅಂತಹ ಕ್ಷೀಣ ಸಂಕೇತದ ವೈರಿಗೆ ಪಕ್ಕದ 12 ವೋಲ್ಟ್ ಸೋರಿದರೆ ಮಾಡ್ಯೂಲಿಗೆ ವೇಗದ ಲೆಕ್ಕ ಸಿಗುವುದೇ ಇಲ್ಲ. ಎರಡೂ ಕೋಡುಗಳಿಗೆ ಒಂದೇ ಮೂಲ ಸಿಕ್ಕಿತು.

ಕಾರಿನ ಮಾಡ್ಯೂಲುಗಳು ಒಂದರೊಡನೊಂದು ಮಾತಾಡುವ ಸಂವಹನ ಜಾಲದಲ್ಲಿ ದೋಷವಿಲ್ಲವೆಂದು ಖಚಿತಪಡಿಸಿಕೊಳ್ಳಲು, ಮಾಡ್ಯೂಲನ್ನು ಒಮ್ಮೆ ಮತ್ತೆ ಜೋಡಿಸಿ, ಬ್ಯಾಟರಿ ಕಳಚಿದ ಸ್ಥಿತಿಯಲ್ಲೇ, ಸ್ಕ್ಯಾನರ್ ಸಾಕೆಟ್ಟಿನ 6 ಮತ್ತು 14ನೇ ಪಿನ್ನುಗಳ ನಡುವೆ ಅಳೆದೆ. 60 ಓಂ ಬಂತು. ಎರಡು ತುದಿಗಳಲ್ಲಿರುವ 120 ಓಂ ರೆಸಿಸ್ಟರುಗಳು ಸಮಾಂತರವಾಗಿ ಕೊಡಬೇಕಾದ ಅಳತೆ ಅದೇ.

ಐದರಿಂದ ಎಂಟನೆಯ ದಿನ

ಈ ನಾಲ್ಕು ದಿನ ಹೆಚ್ಚಿನ ಕೆಲಸ ಒಣಗಿಸುವುದೇ. ಸ್ಪಂಜನ್ನು ಹೊರತೆಗೆದು ಫ್ಯಾನಿನ ಎದುರು ನಿಲ್ಲಿಸಿದೆ. ಮಾಡ್ಯೂಲಿನ ಮುಚ್ಚಳ ಬಿಚ್ಚಿದಾಗ ಬೋರ್ಡಿನ ಒಂದು ಮೂಲೆಯಲ್ಲಿ ಬಿಳಿಯ ಪುಡಿ ಕಟ್ಟಿತ್ತು; 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಮೆದು ಬ್ರಷ್ಷಿನಿಂದ ತೊಳೆದು, ಬಿಸಿಗಾಳಿ ತಾಗಿಸದೆ ಎರಡು ದಿನ ಹಾಗೆಯೇ ಬಿಟ್ಟೆ. ಸೆನ್ಸರಿನ ವೈರಿನ ಹೊದಿಕೆಯನ್ನು ತುಸು ಸುಲಿದು ನೋಡಿದರೆ ಒಳಗಿನ ತಾಮ್ರ ಒಂದು ಗೇಣಿನಷ್ಟು ದೂರ ಕಪ್ಪಾಗಿತ್ತು. ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವಂತೆ ತಾಮ್ರದ ಎಳೆಗಳು ನೀರನ್ನು ಒಳಗೆಳೆದುಕೊಂಡಿದ್ದವು. ಕಪ್ಪಾದಷ್ಟನ್ನೂ ಕತ್ತರಿಸಿ ಹೊಸ ವೈರು ಬೆಸೆದು, ಮೇಲೆ ಬಿಸಿಗೆ ಕುಗ್ಗುವ ಕೊಳವೆ ಏರಿಸಿದೆ. ಪಿನ್ನುಗಳನ್ನಷ್ಟೇ ಉಜ್ಜಿ ಮುಗಿಸಿದ್ದರೆ ಈ ದೋಷ ಕೆಲವು ವಾರಗಳಲ್ಲಿ ಮರಳಿ ಬರುತ್ತಿತ್ತೆಂದು ನನ್ನ ದೃಢ ನಂಬಿಕೆ.

ನೀರಿನ ಮೂಲವನ್ನು ಹುಡುಕಲು ಹೊರಗಿನಿಂದ ಕೆಳಗಿನ ಭಾಗಕ್ಕೆ ಮೊದಲು, ಆಮೇಲೆ ಹಂತಹಂತವಾಗಿ ಮೇಲಕ್ಕೆ ನೀರು ಹಾಕುತ್ತ ಹೋದೆ. ಬಾಗಿಲು ಸೋರಲಿಲ್ಲ. ಮುಂದಿನ ಗಾಜಿನ ಬುಡದ ಜಾಲರಿಯ ಮೇಲೆ ಸುರಿದಾಗ ಒಳಗೆ ತೊಟ್ಟಿಕ್ಕಿತು. ಅಲ್ಲಿಂದ ನೀರು ಹೊರಹೋಗುವ ರಂಧ್ರವನ್ನು ಕೊಳೆತ ಎಲೆಗಳು ಮುಚ್ಚಿದ್ದವು. ತುಂಬಿದ ನೀರು ಒಳಗಿನ ಬ್ಲೋವರಿಗೆ ಗಾಳಿ ಎಳೆಯುವ ಬಾಯಿಯಿಂದ ಉಕ್ಕಿ ಕಾಲಡಿಗೆ ಇಳಿಯುತ್ತಿತ್ತು.

ಒಂಬತ್ತನೆಯ ದಿನ

ಎಲ್ಲವನ್ನೂ ಜೋಡಿಸಿ ಎಂಜಿನ್ ಚಾಲೂ ಮಾಡಿ, ದೀಪ ಮತ್ತು ಬ್ಲೋವರ್ ಹಾಕಿಟ್ಟು, ಮಾಡ್ಯೂಲಿನಿಂದ ವಿದ್ಯುತ್ ಬ್ಯಾಟರಿಗೆ ಮರಳುವ ಗ್ರೌಂಡ್ ಪಿನ್ನಿಗೂ ಬ್ಯಾಟರಿಯ ನೆಗೆಟಿವ್ ತುದಿಗೂ ನಡುವೆ ವೋಲ್ಟೇಜ್ ಅಳೆದೆ. 0.6 ವೋಲ್ಟ್ ಬಂತು, 0.1ರ ಆಸುಪಾಸಿನಲ್ಲಿರಬೇಕಾದದ್ದು ಇದು. ಕಾರ್ಪೆಟ್ಟಿನಡಿಯ ಗ್ರೌಂಡ್ ಬೋಲ್ಟನ್ನು ಬಿಚ್ಚಿ ತುಕ್ಕು ಕೆರೆದು ಬಿಗಿ ಮಾಡಿದ ಮೇಲೆ 0.03ಕ್ಕೆ ಇಳಿಯಿತು. ಇದನ್ನು ಬರೀ ಓಂ ಅಳತೆಯಿಂದ ಹಿಡಿಯಲಾಗುತ್ತಿರಲಿಲ್ಲ, ವಿದ್ಯುತ್ ಹರಿಯುವಾಗಲೇ ಅಳೆಯಬೇಕು.

ಕೋಡುಗಳನ್ನು ಅಳಿಸಿ ಹೊರಟೆ. ನಾಲ್ಕೂ ಗೇರುಗಳು ಸರದಿಯಂತೆ ಬಿದ್ದವು. ಒಂದರಿಂದ ಎರಡಕ್ಕೆ ಹೋಗುವಾಗ ಮೊದಲ ಕೆಲವು ಕಿಲೋಮೀಟರು ಸ್ವಲ್ಪ ಒರಟುತನವಿದ್ದು, ಬಳಿಕ ಸರಿಹೋಯಿತು.

ಇಪ್ಪತ್ತಮೂರನೆಯ ದಿನ

300 ಕಿಲೋಮೀಟರು ಕಳೆದಿದೆ, ನಡುವೆ ಎರಡು ದೊಡ್ಡ ಮಳೆಗಳೂ ಬಂದುಹೋಗಿವೆ. ಕಾರ್ಪೆಟ್ಟಿನಡಿ ಕೈಯಿಟ್ಟರೆ ಒಣಗಿದೆ, ಕೋಡುಗಳು ಮರಳಿಲ್ಲ. ಒಂದು ಪಿನ್ನಿನ ಲೇಪ ಸಂಪೂರ್ಣ ಹೋಗಿರುವುದರಿಂದ ಕನೆಕ್ಟರನ್ನೇ ಬದಲಿಸುವ ಕೆಲಸ ಬಾಕಿ ಇದೆ. ಹೊಸದು ಬರುವವರೆಗೆ ಸೊಲೆನಾಯ್ಡ್ ಮತ್ತು ಸೆನ್ಸರ್ ಪಿನ್ನುಗಳ ನಡುವಿನ ಅಳತೆಯನ್ನು ವಾರಕ್ಕೊಮ್ಮೆ ತೆಗೆಯುತ್ತಿದ್ದೇನೆ. ಇಂದು ಮೀಟರ್ ಯಾವ ಸಂಪರ್ಕವನ್ನೂ ತೋರಿಸಲಿಲ್ಲ.